ಸ್ವಲ್ಪ ಬ್ಯಾಸರವೂ ಇರಲಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತಿನ ವಿಷಯ ಬೇಸರ. "ಬ್ಯಾಸರ ಮಾಡ್ಕೊಳ್ಳೋಕೆ ನಮಗೆ ಟೈಮ್ ಎಲ್ಲೈತೆ ಅಕ್ಕಾ?" ಅಂತ ನೀವು ಕೇಳಬಹುದು. ಕೇಳುವುದು ನ್ಯಾಯವೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದಕ್ಕೆ ಕೂಲಿ ಇಲ್ಲ. ಇದರ ಮೇಲೆ ಸಿರುಗುಪ್ಪದಲ್ಲಿ ಭತ್ತದ ನಾಟಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ.

ಇಡೀ ದಿನ ಒಂದೇ ತರಹದ ಹೊಲಿಗೆ ಹಾಕಿದಾಗ ಬರುವುದು ದಣಿವು. ನಾವು ಹೇಳುವ ಬೇಸರ ಬೇರೆ. ಬೇಸಿಗೆ ಮಧ್ಯಾಹ್ನ, ಕರೆಂಟಿಲ್ಲ, ಬಿಸಿಲಿಗೆ ಹೊರಗೆ ಕಾಲಿಡೋ ಹಂಗಿಲ್ಲ; ಕೈಗೂ ಮನಸ್ಸಿಗೂ ಕೆಲಸವಿಲ್ಲ. ಮೊದಲು ಇಂಥ ಹೊತ್ತಿನಲ್ಲೇ ಹಳೇ ಸೀರೆ ಹರಡಿ ಕೌದಿ ಹೊಲಿಯುತ್ತಿದ್ದೆವು, ಚೌಕಾಬಾರ ಆಡುತ್ತಿದ್ದೆವು. ಈಗ ಕೈ ಸೀದಾ ಮೊಬೈಲಿಗೆ ಹೋಗುತ್ತದೆ. ಕುರುಗೋಡಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಎಷ್ಟು ರೀಲ್ಸ್ ನೋಡಿರುತ್ತೇವೋ, ಇಳಿದ ಮೇಲೆ ಒಂದೂ ನೆನಪಿರಲ್ಲ.

ಸುಮ್ಮನೆ ಕೂರುವುದು ಎಲ್ಲರಿಗೂ ಕಷ್ಟವೇ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಒಬ್ಬೊಬ್ಬರನ್ನೇ 15 ನಿಮಿಷ ಕೋಣೆಯಲ್ಲಿ ಕೂರಿಸಿದರು. ಬೇಕಾದರೆ ತಮಗೆ ತಾವೇ ಸಣ್ಣ ಕರೆಂಟ್ ಶಾಕ್ ಕೊಟ್ಟುಕೊಳ್ಳುವ ಗುಂಡಿ ಇತ್ತು. 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಅದನ್ನು ಒತ್ತಿಬಿಟ್ಟರು! (ನಗಬೇಡಿ, ಮನೆಗೆ ಹೋಗಿ ಹೇಳಿ.) ಅದೇ ವರ್ಷ ಇಂಗ್ಲೆಂಡಿನಿಂದ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಟೆಲಿಫೋನ್ ಡೈರೆಕ್ಟರಿಯ ನಂಬರ್ ನಕಲು ಮಾಡಿ ಬೇಸತ್ತವರು, ಪ್ಲಾಸ್ಟಿಕ್ ಲೋಟಗಳಿಂದ ಏನೇನು ಮಾಡಬಹುದು ಎಂದು ಕೇಳಿದಾಗ, ಉಳಿದವರಿಗಿಂತ ಹೆಚ್ಚು ಉಪಾಯ ಹೇಳಿದರು. ಸುಮ್ಮನಿದ್ದಾಗ ಮೆದುಳು ಮಲಗುವುದಿಲ್ಲ. ಹಿಂದಿನದನ್ನು ನೆನೆಯುವ, ಮುಂದಿನದನ್ನು ಯೋಚಿಸುವ ಕೆಲಸ ಆಗಲೇ ನಡೆಯುತ್ತದೆ. ಸಂಘದ ಸಾಲ ಎಮ್ಮೆಗೋ ಹೊಲಿಗೆ ಮಿಷನ್ನಿಗೋ, ಮಗಳನ್ನು ಪಿಯುಸಿ ಆದಮೇಲೆ ಏನು ಓದಿಸೋದು, ಇವನ್ನೆಲ್ಲ ಒಲೆ ಮುಂದೆ ಗಡಿಬಿಡಿಯಲ್ಲಿ ತೀರ್ಮಾನಿಸೋಕಾಗುತ್ತಾ?

ಮಕ್ಕಳ ವಿಷಯವೂ ಇಷ್ಟೇ. ರಜೆಯಲ್ಲಿ "ಅವ್ವಾ, ಬ್ಯಾಸರ" ಅಂದ ಕೂಡಲೇ ಮೊಬೈಲ್ ಕೊಡಬೇಡಿ. ಅರ್ಧ ಗಂಟೆ ಗೊಣಗಲಿ, ಆಮೇಲೆ ತಾವೇ ಒಂದು ಆಟ ಹುಡುಕಿಕೊಳ್ಳುತ್ತಾರೆ. ಆದರೆ ನಮ್ಮಲ್ಲಿ ಹುಡುಗನಿಗೆ ಬ್ಯಾಸರವಾದ್ರೆ ಮೈದಾನ, ಹುಡುಗಿಗೆ ಬ್ಯಾಸರವಾದ್ರೆ ಕಸಬರಿಗೆ. ಇದು ನಮಗೆ ಸರಿ ಕಾಣುವುದಿಲ್ಲ.

ಒಂದು ಎಚ್ಚರಿಕೆ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ಊಟ ನಿದ್ದೆ ಇಲ್ಲ ಅಂದರೆ ಅದು ಬರೀ ಬೇಸರ ಅಲ್ಲ. ವೈದ್ಯರಿಗೆ ತೋರಿಸಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಬಹುದು.

ದಿನಕ್ಕೆ ಅರ್ಧ ಗಂಟೆ ಸುಮ್ಮನೆ ಕೂರಬೇಕಾದರೆ ಮನೆಯವರು ಯಾವ ಕೆಲಸ ಹಿಡಿಯಬೇಕು? ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಇದನ್ನು ಮಾತಾಡಿ. ನೀರು ತುಂಬುವುದೋ, ರಾತ್ರಿ ಪಾತ್ರೆ ತಿಕ್ಕುವುದೋ, ಒಬ್ಬೊಬ್ಬರೂ ಒಂದನ್ನು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.