ಊಟದ ನಂತರದ ಆಯಾಸ: ಕಾರಣಗಳು ಮತ್ತು ನಮ್ಮ ಆಹಾರ

(ಗ್ರಾಮ ಪಂಚಾಯಿತಿ ಸದಸ್ಯರ ತಾಲ್ಲೂಕು ಮಟ್ಟದ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ನಾನು ವೈದ್ಯನಲ್ಲ, ಸಿವಿಲ್ ಎಂಜಿನಿಯರಿಂಗ್ ವ್ಯಾಸಂಗ ಮಾಡಿ ಈ ಸೇವೆಗೆ ಬಂದವನು. ಆದರೂ ಈ ವಿಷಯವನ್ನು ಆರಿಸಿಕೊಂಡಿರುವುದಕ್ಕೆ ನನ್ನದೇ ಒಂದು ತಪ್ಪು ಕಾರಣ.

ಹಿಂದೆ ನಾನು ಕಾರ್ಯನಿರ್ವಹಿಸುತ್ತಿದ್ದ ಪಂಚಾಯಿತಿಯೊಂದರಲ್ಲಿ ಕುಡಿಯುವ ನೀರಿನ ಕ್ರಿಯಾಯೋಜನೆಯನ್ನು ಮಧ್ಯಾಹ್ನದ ಊಟವಾದ ಮೇಲೆ ಸಭೆಯ ಮುಂದಿರಿಸಿದೆ. ಅಂದು ಪಲಾವ್, ಅನ್ನ, ಸಾಂಬಾರು, ಹಪ್ಪಳ, ಜಾಮೂನು ಎಲ್ಲವೂ ಇತ್ತು. ಪಟ್ಟಿಯನ್ನು ಓದಿದೆ, ಯಾರೂ ಪ್ರಶ್ನಿಸಲಿಲ್ಲ, ಅನುಮೋದನೆಯಾಯಿತು. ವಾರದ ನಂತರ ಒಂದು ಕೇರಿಯ ಮಹಿಳೆಯರು ಖಾಲಿ ಕೊಡಗಳೊಂದಿಗೆ ಕಚೇರಿಗೆ ಬಂದರು. ಅವರ ಬೀದಿಯ ಪೈಪ್‌ಲೈನ್ ಪಟ್ಟಿಯಲ್ಲಿಯೇ ಇರಲಿಲ್ಲ. ಆ ಸಾಲನ್ನು ಬಿಟ್ಟವನು ನಾನು. ಅದರ ಹೊಣೆಯನ್ನು ಜಾಮೂನಿನ ಮೇಲೆ ಹೊರಿಸಲಾರೆ. ಆದರೆ ಆ ವಾರ್ಡಿನ ಸದಸ್ಯರೂ ಅಂದು ಅರೆನಿದ್ರೆಯಲ್ಲಿದ್ದರು ಎಂಬುದು ನಿಜ. ಮುಂದಿನ ಸಭೆಯಲ್ಲಿ ಸರಿಪಡಿಸಿದೆವು. ಆ ಬೇಸಿಗೆ ಮಾತ್ರ ಆ ಕೇರಿಯವರು ಟ್ಯಾಂಕರ್ ನೀರನ್ನೇ ಕಾಯಬೇಕಾಯಿತು.

ಅದೇ ಸಭೆಯಲ್ಲಿ ಸದಸ್ಯೆಯೊಬ್ಬರು ತೂಕಡಿಸುತ್ತಿದ್ದುದನ್ನು ಕಂಡು ಕೆಲವರು ನಕ್ಕರು. ನಕ್ಕವರಲ್ಲಿ ನಾನೂ ಒಬ್ಬ. ಕೆಲವು ತಿಂಗಳುಗಳ ನಂತರ ಆರೋಗ್ಯ ತಪಾಸಣಾ ಶಿಬಿರದಲ್ಲಿ ಆ ತಾಯಿಗೆ ತೀವ್ರ ರಕ್ತಹೀನತೆ ಇರುವುದು ತಿಳಿದುಬಂತು. ಆ ನಗುವಿಗಾಗಿ ಇಂದಿಗೂ ನಾಚಿಕೆಪಡುತ್ತೇನೆ.

ಊಟದ ನಂತರ ಸ್ವಲ್ಪ ಮಂಪರು ಬರುವುದು ಸಹಜ. ನಮ್ಮ ದೇಹದೊಳಗಿನ ಗಡಿಯಾರವು ಮಧ್ಯಾಹ್ನ ಒಂದರಿಂದ ಮೂರು ಗಂಟೆಯ ನಡುವೆ ಎಚ್ಚರವನ್ನು ತಾನಾಗಿಯೇ ತಗ್ಗಿಸುತ್ತದೆ. ಊಟ ಮಾಡದವರಲ್ಲಿಯೂ ಇದು ಕಂಡುಬರುತ್ತದೆ. ಹೊಟ್ಟೆ ಬಿರಿಯುವಂತೆ ಉಂಡಾಗ ಅದು ಇಮ್ಮಡಿಸುತ್ತದೆ, ಅಷ್ಟೆ.

ಇದಕ್ಕೆ ಸೇರಿಕೊಳ್ಳುವ ಮತ್ತೊಂದು ಅಂಶವೇ ಉರಿಯೂತ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಭಾಗ ಕೆಂಪಾಗಿ ಊದಿಕೊಳ್ಳುವುದು ನಮಗೆ ಕಾಣುವ ಉರಿಯೂತ. ಜ್ವರ ಬಂದಾಗ ಏನೂ ಬೇಡ, ಮಲಗಿದರೆ ಸಾಕು ಎನಿಸುವುದು ಕೂಡ ಅದರದೇ ಕೆಲಸ. ರೋಗನಿರೋಧಕ ಕೋಶಗಳು ಸೈಟೋಕೈನ್ ಎಂಬ ಸಂಕೇತವಸ್ತುಗಳನ್ನು ಬಿಡುಗಡೆ ಮಾಡುತ್ತವೆ. ಅವು ಮೆದುಳಿಗೆ ವಿಶ್ರಾಂತಿಯ ಸೂಚನೆ ನೀಡುತ್ತವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇಲಿಗಳ ಮೇಲೆ ನಡೆಸಿದ ಅಧ್ಯಯನವೊಂದು ಕುತೂಹಲಕರವಾಗಿದೆ. ಆಹಾರ ಸೇವಿಸಿದಾಗಲೂ ಕರುಳಿನ ಸುತ್ತ ಇಂತಹ ಕೋಶಗಳು ಹೆಚ್ಚಿ, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸೈಟೋಕೈನ್ ಅನ್ನು ಉತ್ಪಾದಿಸುತ್ತವೆ ಎಂದು ಅವರು ಕಂಡುಕೊಂಡರು. ಅದು ಇನ್ಸುಲಿನ್ ಸ್ರವಿಸುವಿಕೆಗೆ ನೆರವಾಗುತ್ತದೆ. ಅಂದರೆ ಊಟದ ನಂತರದ ಅಲ್ಪ ಉರಿಯೂತವು ದೇಹದ ವ್ಯವಸ್ಥೆಯ ಭಾಗವೇ ಹೊರತು ರೋಗವಲ್ಲ.

ಅದು ಇಳಿಯದೇ ಇರುವುದು ತೊಂದರೆ. ಬೋರ್‌ವೆಲ್ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ವಿದ್ಯುತ್ತನ್ನು ಹೆಚ್ಚು ಎಳೆದು ನಂತರ ಹದಕ್ಕೆ ಬರುತ್ತದೆ. ದಿನವಿಡೀ ಹಾಗೆಯೇ ಎಳೆಯುತ್ತಿದ್ದರೆ ಕಾಯಿಲ್ ಸುಡುತ್ತದೆ. ಹೊಟ್ಟೆಯ ಸುತ್ತ ಶೇಖರವಾದ ಕೊಬ್ಬು, ತಂಬಾಕು, ನಿದ್ರಾಹೀನತೆ, ವಾಸಿಯಾಗದ ವಸಡಿನ ಸೋಂಕು ಇವೆಲ್ಲ ದೇಹದಲ್ಲಿ ಮಂದವಾದ ಉರಿಯೂತವನ್ನು ಸದಾ ಉಳಿಸಿರುತ್ತವೆ. ಅದರ ಮೇಲೆ ಬಿಳಿ ಅನ್ನ, ಮೈದಾ, ಸಕ್ಕರೆ, ಕರಿದ ತಿಂಡಿಗಳ ಭಾರೀ ಊಟ ಬಿದ್ದರೆ ರಕ್ತದ ಸಕ್ಕರೆಯೂ ಉರಿಯೂತವೂ ಒಟ್ಟಿಗೆ ಏರುತ್ತವೆ. ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾಗದೆ ಹೋದಾಗ ಸಕ್ಕರೆ ರಕ್ತದಲ್ಲಿಯೇ ಉಳಿದು, ಉಂಡರೂ ಶಕ್ತಿ ಬಾರದ ಸ್ಥಿತಿ ಒದಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮಧುಮೇಹವು ಪಟ್ಟಣದ ಕಾಯಿಲೆ ಎಂಬ ಮಾತನ್ನು ನಾವು ಬಿಡಬೇಕು.

ಆಹಾರದ ವಿಚಾರದಲ್ಲಿ ಹೊರಗಿನಿಂದ ತರಬೇಕಾದದ್ದು ಏನೂ ಇಲ್ಲ. ಹುರುಳಿ, ಅವರೆ, ಅಲಸಂದೆ, ಹೆಸರುಕಾಳು, ನುಗ್ಗೆಸೊಪ್ಪು, ದಂಟಿನ ಸೊಪ್ಪು, ಮಜ್ಜಿಗೆ ಇವು ನಮ್ಮ ಅಡುಗೆಮನೆಯವೇ. ಇವುಗಳ ಪಾಲು ತಟ್ಟೆಯಲ್ಲಿ ಕಿರಿದಾಗಿ ಅನ್ನದ ರಾಶಿ ಹಿರಿದಾಗಿರುವುದೇ ದೋಷ. ಒಂದು ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದು ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಈ ಲೆಕ್ಕದಲ್ಲಿ ರಾಗಿಯೂ ಸೇರುತ್ತದೆ ಎಂಬುದನ್ನು ಮುದ್ದೆಪ್ರಿಯರು ದಯವಿಟ್ಟು ಗಮನಿಸಬೇಕು. ರಾಗಿಯಲ್ಲಿ ಸುಣ್ಣದ ಅಂಶವೂ ನಾರೂ ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆಗಳು ಸಕ್ಕರೆಯನ್ನು ಏರಿಸದೆ ಬಿಡುವುದಿಲ್ಲ. ಮೊದಲು ಪಲ್ಯ, ಕೋಸಂಬರಿ, ಕಾಳುಗಳನ್ನು ಉಂಡು ಅನಂತರ ಅನ್ನಕ್ಕೆ ಕೈಹಾಕಿದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ಉಂಡ ಬಳಿಕ ಹತ್ತು ಹದಿನೈದು ನಿಮಿಷ ನಡೆದರೂ ಅದೇ ಫಲ.

ಎಲ್ಲ ಆಯಾಸವೂ ಊಟದಿಂದಲೇ ಬರುವುದಲ್ಲ. ರಕ್ತಹೀನತೆ, ಥೈರಾಯ್ಡ್ ಕೊರತೆ, ಗೊರಕೆಯೊಡನೆ ಉಸಿರುಕಟ್ಟುವ ನಿದ್ರೆ ಇವುಗಳಿಂದಲೂ ಹಗಲಿನಲ್ಲಿ ತೂಕಡಿಕೆ ಬರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥವರಿಗೆ ಊಟ ಕಡಿಮೆ ಮಾಡಿ ಎಂದು ಹೇಳುವುದು ಅನ್ಯಾಯ. ಆದ್ದರಿಂದ ಉಪದೇಶಕ್ಕಿಂತ ಮೊದಲು ಪರೀಕ್ಷೆ ನಡೆಯಬೇಕು.

ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ 30 ವರ್ಷ ದಾಟಿದವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ಉಚಿತ. ಖಾಲಿ ಹೊಟ್ಟೆಯ ಸಕ್ಕರೆ 100ರೊಳಗಿದ್ದರೆ ಸರಿ; 126 ಅಥವಾ ಹೆಚ್ಚಿದ್ದರೆ ವೈದ್ಯರು ಮರುಪರೀಕ್ಷೆ ಮಾಡಿಸಿ ಮಧುಮೇಹವನ್ನು ಖಚಿತಪಡಿಸುತ್ತಾರೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ತಮ್ಮ ವಾರ್ಡಿನ ಎಷ್ಟು ಮಂದಿ ತಪಾಸಣೆಗೆ ಒಳಗಾಗಿದ್ದಾರೆ ಎಂದು ಸದಸ್ಯರು ಆಶಾ ಕಾರ್ಯಕರ್ತೆಯರನ್ನು ವಿಚಾರಿಸಬಹುದು.

ಈಗ ನಮ್ಮ ಪಂಚಾಯಿತಿಯಲ್ಲಿ ಕ್ರಿಯಾಯೋಜನೆ, ಆಯವ್ಯಯ ಮುಂತಾದ ವಿಷಯಗಳನ್ನು ಊಟಕ್ಕೆ ಮೊದಲೇ ಚರ್ಚೆಗೆ ತರುತ್ತೇವೆ. ಮಧ್ಯಾಹ್ನಕ್ಕೆ ಸುತ್ತೋಲೆಗಳ ವಾಚನ ಉಳಿಯುತ್ತದೆ. ಸಿಹಿಯ ಬದಲು ಕೋಸಂಬರಿ ತರಿಸುತ್ತೇವೆ. ಕೆಲವು ಸದಸ್ಯರಿಗೆ ಈ ಬಗ್ಗೆ ಇನ್ನೂ ಅಸಮಾಧಾನವಿದೆ.

ಪಕ್ಕದ ಕೊಠಡಿಯಲ್ಲಿ ಆರೋಗ್ಯ ಇಲಾಖೆಯ ಸಿಬ್ಬಂದಿ ತಪಾಸಣೆಗೆ ಸಿದ್ಧರಾಗಿದ್ದಾರೆ. ಊಟಕ್ಕೆ ಇನ್ನೂ ಅರ್ಧ ಗಂಟೆಯಿದೆ. ಅಲ್ಲಿಗೆ ಹೋಗಿಬಂದು ಊಟಕ್ಕೆ ಕುಳಿತುಕೊಳ್ಳಬೇಕೆಂದು ಕೋರುತ್ತೇನೆ.