ಮೀಟರಿನ ಮುಳ್ಳು ಸುಳ್ಳು ಹೇಳಿದಾಗ

1984ರಿಂದ 2019ರವರೆಗೆ ತಯಾರಾದ ಮಾರುತಿ ವ್ಯಾನ್, ಅಂದರೆ ನಮ್ಮ ಓಮ್ನಿ, ಈಗಲೂ ಎಷ್ಟೋ ಕುಟುಂಬಗಳನ್ನು ಮದುವೆ, ಜಾತ್ರೆಗಳಿಗೆ ಕರೆದೊಯ್ಯುತ್ತಿದೆ. ನಿಮ್ಮ ವ್ಯಾನಿನಲ್ಲಿ ಹೆಡ್‌ಲೈಟ್ ಹಾಕಿದೊಡನೆ ಪೆಟ್ರೋಲ್ ಮುಳ್ಳು ಅಲುಗಾಡುತ್ತದೆಯೇ? ಇಂಡಿಕೇಟರ್ ಜೊತೆಗೆ ಬೇರೊಂದು ದೀಪವೂ ಮಿನುಗುತ್ತದೆಯೇ? ಹಾಗಿದ್ದರೆ ಹೊಸ ಮೀಟರ್ ಕೊಳ್ಳಲು ಅವಸರಪಡಬೇಡಿ.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ದೀಪ, ಮೀಟರುಗಳನ್ನು ಹಾಯ್ದು, ವಾಹನದ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಈ ಮರಳುವ ದಾರಿಯೇ ಅರ್ತ್. ಅದರ ಬೋಲ್ಟಿಗೆ ತುಕ್ಕು ಹಿಡಿದರೆ ವಿದ್ಯುತ್ತು ಇನ್ನೊಂದು ದೀಪದ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಆಗ ಹಲವು ಉಪಕರಣಗಳು ಒಟ್ಟಿಗೇ ಕೆಟ್ಟಂತೆ ತೋರುತ್ತವೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ, ಅರ್ತ್ ಬೋಲ್ಟಿನ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿಸಿ, ಬಿಗಿ ಮಾಡಿಸಿ.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆಯಿದ್ದರೆ ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ ಪರೀಕ್ಷಿಸಿ. ಫ್ಯೂಸ್ ಸುಟ್ಟರೆ ಅದೇ ಆಂಪಿಯರಿನದನ್ನೇ ಹಾಕಿ. ತಂತಿಯ ತುಂಡು ಸಿಕ್ಕಿಸಿದರೆ ಒಳಗಿನ ತಂತಿಗಳೇ ಹೊತ್ತಿಕೊಂಡಾವು.

ಆದರೆ ಆಯಿಲ್‌ನ ಕೆಂಪು ದೀಪ ಹತ್ತಿದರೆ, ಶಾಖದ ಮುಳ್ಳು ಮೇಲಿನ ಗೆರೆ ಮುಟ್ಟಿದರೆ, ಅದು ಸುಳ್ಳೆಂದು ಮುಂದೆ ಸಾಗಬೇಡಿ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ವ್ಯಾನನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ. ಮೀಟರ್ ಸರಿಯೋ ತಪ್ಪೋ ಎಂಬ ವಿಚಾರಣೆ ಆಮೇಲಿರಲಿ.