ಕುಣಿಯುವ ಹೆಜ್ಜೆಗೂ ಸರ್ಕಾರದ ಅಪ್ಪಣೆಯೇ?

(ಸಕಲೇಶಪುರದಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಕಲೇಶಪುರ, ಆಲೂರಿನ ನಮ್ಮ ಮನೆಗಳಲ್ಲಿ ಹದಿಹರೆಯದ ಮಕ್ಕಳ ಬಗ್ಗೆ ಕೇಳಿಬರುವ ದೂರು ಒಂದೇ: ಹೇಳಿದ ಮಾತು ಕೇಳುವುದಿಲ್ಲ. ದೂರು ಸುಳ್ಳಲ್ಲ. ಆದರೆ ಮಾತು ಕೇಳುವವರೆಲ್ಲ ಒಳ್ಳೆಯವರು, ಕೇಳದವರೆಲ್ಲ ಕೆಟ್ಟವರು ಎಂದು ತೀರ್ಪು ಕೊಡುವ ಮೊದಲು ನಾವು ಚರಿತ್ರೆಯ ಒಂದು ಪುಟವನ್ನು ತೆರೆಯಬೇಕಾಗಿದೆ.

ಹಿಟ್ಲರನ ಜರ್ಮನಿಯಲ್ಲಿ 1939ರಿಂದ ಹತ್ತು ವರ್ಷದ ಮಕ್ಕಳೂ ಅವನ ಯುವದಳಕ್ಕೆ ಸೇರುವುದು ಕಡ್ಡಾಯವಾಯಿತು. ಅಮೆರಿಕದ ಕರಿಯರು ಬೆಳೆಸಿದ, ಯಹೂದಿ ಕಲಾವಿದರೂ ನುಡಿಸುತ್ತಿದ್ದ ಜಾಝ್ ಸಂಗೀತವನ್ನು 1935ರಲ್ಲೇ ರೇಡಿಯೋದಲ್ಲಿ ನಿಷೇಧಿಸಲಾಗಿತ್ತು. ಆದರೂ ಹ್ಯಾಂಬರ್ಗ್ ನಗರದ ಶಾಲಾ ಮಕ್ಕಳು ಆ ಸಂಗೀತಕ್ಕೆ ಸೇರುತ್ತಿದ್ದರು, ಕುಣಿಯುತ್ತಿದ್ದರು. ಹಿಟ್ಲರನ ಜಯಕಾರವನ್ನು ಅಣಕಿಸಿ 'ಸ್ವಿಂಗ್ ಹೈಲ್' ಎನ್ನುತ್ತಿದ್ದರು. ಯುದ್ಧದ ನಡುವೆ, 1940ರ ಫೆಬ್ರವರಿಯ ಒಂದು ಕೂಟಕ್ಕೆ 500ಕ್ಕೂ ಹೆಚ್ಚು ಮಂದಿ ಬಂದಿದ್ದರು. 1941ರ ಆಗಸ್ಟ್‌ನಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಲಾಯಿತು. ಮುಂದಾಳುಗಳನ್ನು ಎರಡು ಮೂರು ವರ್ಷ ಯಾತನಾ ಶಿಬಿರದಲ್ಲಿಡಬೇಕೆಂದು 1942ರ ಜನವರಿಯಲ್ಲಿ ಹಿಮ್ಲರ್ ಬರೆದ.

ಇವರು ಕ್ರಾಂತಿಕಾರಿಗಳಲ್ಲ. ಹೆಚ್ಚಿನವರು ಅನುಕೂಲಸ್ಥರ ಮಕ್ಕಳು, ಮೋಜನ್ನು ಬಯಸಿದವರು. ಹಾಗಾದರೆ ಅಧಿಕಾರ ಹೆದರಿದ್ದು ಯಾವುದಕ್ಕೆ? ತನ್ನ ಅಪ್ಪಣೆಯಿಲ್ಲದೆ ಎಳೆಯ ಮನಸ್ಸೊಂದು ತನಗೆ ಬೇಕಾದುದನ್ನು ತಾನೇ ಆರಿಸಿಕೊಂಡಿತಲ್ಲ, ಅದಕ್ಕೆ.

ಇನ್ನೊಂದು ಕಡೆಯನ್ನೂ ನೋಡಿ. 1938ರ ನವೆಂಬರ್‌ನಲ್ಲಿ ಯಹೂದಿಯರ ಅಂಗಡಿ, ಆರಾಧನಾಲಯಗಳ ಮೇಲೆ ದಾಳಿ ನಡೆದಾಗ ಯುವದಳದ ಹುಡುಗರೂ ಅದರಲ್ಲಿದ್ದರು. ಅವರು ಮಾತು ಕೇಳಿದ ಮಕ್ಕಳು!

ಇದು ಪರದೇಶದ ಕತೆ ಎನ್ನಬೇಡಿ. 1975ರಲ್ಲಿ ನಮ್ಮಲ್ಲೂ ತುರ್ತು ಪರಿಸ್ಥಿತಿ ಬಂತು. ಸರ್ಕಾರದ ಪ್ರಚಾರಕ್ಕೆ ಸಹಕರಿಸಲಿಲ್ಲವೆಂದು 1976ರಲ್ಲಿ ಕಿಶೋರ್ ಕುಮಾರರ ಹಾಡುಗಳನ್ನು ಆಕಾಶವಾಣಿ ನಿಲ್ಲಿಸಿದ್ದು ಈ ಮಲೆನಾಡಿನ ಹಿರಿಯರಿಗೂ ನೆನಪಿರಬಹುದು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ವಿಚಾರಣೆಯಿಲ್ಲದೆ ಬೆಂಗಳೂರು ಸೆರೆಮನೆಯಲ್ಲಿಡಲಾಯಿತು. ಅಸ್ತಮಾದಿಂದ ನರಳಿದ ಅವರು 1977ರ ಜನವರಿಯಲ್ಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಸಂಗೀತದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಅದನ್ನು ಮಕ್ಕಳಿಗೆ ತಿಳಿಹೇಳುವ ಹೊಣೆ ಹೆತ್ತವರದು. ಆದರೆ ತಿಳಿಹೇಳುವುದು ಬೇರೆ, ಲಾಠಿಯಿಂದ ಬಾಯಿ ಮುಚ್ಚಿಸುವುದು ಬೇರೆ. ಮನೆಯಲ್ಲಿ ಯಾಕೆ ಎಂದು ಕೇಳಿದ ಮಗುವಿಗೆ ನಾವು ಉತ್ತರದ ಬದಲು ಏಟು ಕೊಟ್ಟರೆ, ನಾಳೆ ಬೀದಿಯಲ್ಲಿ ಅನ್ಯಾಯದ ಆಜ್ಞೆ ಬಂದಾಗ ಅದು ಯಾಕೆ ಎಂದು ಕೇಳೀತೇ? ವಿಧೇಯತೆಯನ್ನು ಕಲಿಸೋಣ. ಅದರ ಜೊತೆಗೆ, ಎಲ್ಲಿ ವಿಧೇಯರಾಗಬಾರದು ಎಂಬ ವಿವೇಕವನ್ನೂ ಕಲಿಸೋಣ. ಇಂದು ಮನೆಗೆ ಹೋದ ಮೇಲೆ, ಮಕ್ಕಳ ಒಂದು ಪ್ರಶ್ನೆಯನ್ನಾದರೂ ಕೊನೆಯವರೆಗೆ ಕೇಳಿಸಿಕೊಳ್ಳೋಣ.